ಷರಾ

ಬೀಗದ ಕೈ ಎರಡು, ರಬ್ಬರ್ ಸ್ಟಾಂಪು ಒಂದು,
ಷೇರುದಾರರ ಪುಸ್ತಕ, ಏಳುನೂರ ಹನ್ನೆರಡು ಹೆಸರು,
ಅದರಲ್ಲಿ ತೀರಿಕೊಂಡವರು ಹನ್ನೊಂದು.
ಇವತ್ತು ಸಂಜೆ ಐದಕ್ಕೆ ನನ್ನ ಸಂಬಳ ಮುಗಿಯುತ್ತದೆ,
ಯೋಜನೆಯೂ.
ದುದ್ದದ ಆಲೂಗಡ್ಡೆ ಬೆಳೆಗಾರರ ಕಂಪನಿ
ನಾಳೆಯಿಂದ ಸ್ವಂತ ಕಾಲ ಮೇಲೆ ನಿಲ್ಲತಕ್ಕದ್ದು
ಎಂದು ಸುತ್ತೋಲೆ.

ಶೀತಲಗೃಹದ ಬಾಗಿಲು ಎಂಟಡಿ.
ನಕ್ಷೆ ಬೇರೆ ಜಿಲ್ಲೆಯ ದ್ರಾಕ್ಷಿಗೆಂದು ಬರೆದದ್ದು.
ಟ್ರೈಲರು ತಿರುಗಬೇಕಾದರೆ
ಜವರಪ್ಪನ ಹುರುಳಿ ಹೊಲಕ್ಕೆ ಇಳಿಯಬೇಕು.
ಬದಲಿಸಿ ಎಂದು ಬರೆದೆ.
ಅಂದಾಜುಪಟ್ಟಿ ಮಂಜೂರಾಗಿದೆ, ಗೋಡೆ ಏಳಲಿ ಎಂದರು.
ಎದ್ದಿತು.
ಹಣ ಬಂದದ್ದು ಮಾರ್ಚಿನಲ್ಲಿ, ಮಾರ್ಚಿನಲ್ಲೇ ಮುಗಿಯಬೇಕಿತ್ತು.
ಜಲಂಧರದ ಬೀಜದ ಲಾರಿ ಬರುವುದು ಮೇ ತಿಂಗಳು.
ಗಡ್ಡೆಗೆ ಗೊತ್ತಿಲ್ಲ ಆರ್ಥಿಕ ವರ್ಷ,
ಗೋಣಿಯ ಕತ್ತಲಲ್ಲಿ ಅದು ತನ್ನ ಪಾಡಿಗೆ
ಕಣ್ಣು ಬಿಡುತ್ತದೆ.

ಮೂರು ವರ್ಷಕ್ಕೆ ನಾಲ್ಕು ಜನ ಅಧಿಕಾರಿಗಳು.
ಮೊದಲನೆಯವರಿಗೆ ಚಿಪ್ಸ್ ಕಂಪನಿಯ ಒಪ್ಪಂದ ಬೇಕಿತ್ತು,
ಎರಡನೆಯವರಿಗೆ ಸಾವಯವ,
ಮೂರನೆಯವರು ಕುರ್ಚಿ ಬಿಸಿಯಾಗುವ ಮೊದಲೇ ಬೀದರಿಗೆ ಹೋದರು.
ನಾಲ್ಕನೆಯವರು ಒಳ್ಳೆಯವರು. ನಿಜಕ್ಕೂ ಒಳ್ಳೆಯವರು.
ಬೈಕಿನಲ್ಲಿ ಬಂದರು,
ಅಂಗಮಾರಿ ಹತ್ತಿದ ಎಲೆಯ ಬೆನ್ನು ತಿರುಗಿಸಿ ನೋಡಿದರು,
ಟ್ರಾನ್ಸ್‌ಫಾರ್ಮರಿಗಾಗಿ ಸೆಸ್ಕಿನ ಮೆಟ್ಟಿಲು ಒಂಬತ್ತು ಸಲ ಹತ್ತಿದರು.
ಹತ್ತನೆಯ ಸಲಕ್ಕೆ ಮಾರ್ಗಸೂಚಿಯೇ ಬದಲಾಗಿತ್ತು:
ವಿದ್ಯುತ್ತಿನ ವೆಚ್ಚ ಫಲಾನುಭವಿಗಳದು.
ಫಲ ಎಲ್ಲಿ ಎಂದು ಅವರನ್ನು ಕೇಳಲು
ಮನಸ್ಸು ಬರಲಿಲ್ಲ.

ಹೋದ ವಾರ ಮೌಲ್ಯಮಾಪನದ ಹುಡುಗ
ಶೀತಲಗೃಹದ ನೆರಳಲ್ಲಿ ಕೂತು
(ನೆರಳಂತೂ ಚೆನ್ನಾಗಿ ಬೀಳುತ್ತದೆ)
ಟ್ಯಾಬು ನೋಡಿಕೊಂಡು ಓದಿದ:
ಸುಸ್ಥಿರತೆ. ಹೌದೋ, ಇಲ್ಲವೋ?
ಕಾಳಿಂಗೇಗೌಡರು ನನ್ನ ಕಡೆ ತಿರುಗಿದರು, ಹಂಗಂದ್ರೇನವ್ವ?
ನಾವು ಹೋದ ಮೇಲೂ ಉಳಿಯೋದು, ಎಂದೆ.
"ನೀವು ಬರೋಕ್ ಮುಂಚೇನೂ ಇದ್ವಲ್ಲ,
ಅದುಕ್ಕೇನಂತಾರೆ?"
ಹುಡುಗ ಹುಡುಕಿದ. ಅದಕ್ಕೆ ಖಾನೆ ಇರಲಿಲ್ಲ.

ಒಂದು ತೂಕದ ಯಂತ್ರ ಇದೆ.
ಯಾವ ಯೋಜನೆಯದೂ ಅಲ್ಲ.
ಮಂಡಿಯಲ್ಲಿ ಮೂಟೆಗೆ ಎರಡು ಕಿಲೋ ನುಂಗುತ್ತಾರೆಂದು
ಜಗಳವಾದ ಸಂಜೆ
ಕೆಂಚಮ್ಮ ಸೆರಗಿನ ಗಂಟು ಬಿಚ್ಚಿ ನೂರರ ನೋಟು ಇಟ್ಟಳು,
ಮಿಕ್ಕವರು ಬೈದುಕೊಂಡೇ ಇಟ್ಟರು.
ಬ್ಯಾಟರಿ ಎರಡು ಸಲ ಬದಲಾಗಿದೆ,
ಬದಲಿಸಿದ್ದು ಯಾರೆಂದು ನನಗೆ ತಿಳಿಯದು.
ಮೂಟೆಗೆ ಎರಡು ರೂಪಾಯಿ, ಹಾರ್ಲಿಕ್ಸ್ ಡಬ್ಬಿಗೆ.
ದಾಸ್ತಾನು ಪಟ್ಟಿಯಲ್ಲಿ ಅದನ್ನು ನಾನು ಬರೆದಿಲ್ಲ.
ಬರೆದರೆ ಅದಕ್ಕೂ ಒಂದು ಹಸ್ತಾಂತರ,
ಅದಕ್ಕೂ ಒಂದು ಮುಕ್ತಾಯದ ದಿನ.

ಷರಾ ಕಾಲಂ ಖಾಲಿ ಉಳಿದಿತ್ತು.
"ತಿರುವಿಗೆ ಜಾಗವಿಲ್ಲ" ಎಂದಷ್ಟೇ ಬರೆದು ಸಹಿ ಹಾಕಿದೆ.

ಐದೂಕಾಲರ ಹಾಸನದ ಬಸ್ಸಿಗೆ ಕೈ ಎತ್ತಿದ್ದೆ.
ಕೆಂಚಮ್ಮ ಹಿಂದಿನಿಂದ ಕೂಗಿದಳು,
ಬೀಜದ ಲಾರಿ ಬಂದಾಗ ಲೆಕ್ಕ ಬರಕೊಳಾಕೆ ಬತ್ತೀಯೇನವ್ವ?
ಸಂಬಳ? ಎಂದೆ, ತಮಾಷೆಗೆ.
ಡಬ್ಬಿ ಎತ್ತಿ
ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು.
ಬಸ್ಸು ನಿಂತಿತ್ತು.
ಅವಳಿನ್ನೂ ಕೇಳಿಸಿಕೊಳ್ಳುತ್ತಿದ್ದಳು.