ಪಟ್ಟಿ ಮ್ಯಾಲ ಆರಡಿ

ಕೊಂಚಾವರಂ ಗುಡ್ಡದ ಬುಡಕ್ಕ ಒಂದು ಸಣ್ಣ ಕೆರಿ.
ಅದರ ನೀರಿನ ಪಟ್ಟಿ ಓದಾಂವ ನಾನು, ಪೋಮು ರಾಠೋಡ,
ಹನ್ನೊಂದು ವರ್ಷ ಆಯ್ತು,
ದಿನಾ ಮುಂಜಾನಿ ಎಂಟಕ್ಕ ಒಂದು ಅಂಕಿ.

ಹೋಳಿ ಆದ ನಾಕನೇ ದಿನ ಗುಡ್ಡಕ್ಕ ಬೆಂಕಿ ಬಿತ್ತು.
ಬಿತ್ತು ಅಂತೇ ಎಲ್ಲರೂ ಅಂತಾರ,
ಮ್ಯಾಲಿಂದ ಹಣ್ಣು ಬಿದ್ದಂಗ.
ಮೂರು ರಾತ್ರಿ ಗುಡ್ಡ
ಕೆಂಪಂಚಿನ ಕರೀ ಸೀರಿ ಉಟ್ಟಂಗ ಕಂಡಿತ್ತು.
ಚಂದ ಇತ್ತು ಅಂದ್ರ ಬೈಬ್ಯಾಡ್ರಿ.

ಮಳಿ ಬರಲಿ, ತಣ್ಣಗಾಗಲಿ ಅಂದ್ವಿ.
ಬಂತು. ಮಿರುಗದ ಮೊದಲ ಮಳಿ, ಬರೀ ಮುಕ್ಕಾಲು ತಾಸು.
ತಪ್ಪಿಸಿಕೊಂಡ ಆಡು ಹುಡುಕ್ತಾ ನಾನು ಮ್ಯಾಲೇ ಇದ್ದೆ,
ಕಣ್ಣಾರೆ ನೋಡೀನಿ:
ನೆಲ ನೀರು ಕುಡೀಲಿಲ್ಲ.
ಎಣ್ಣಿ ಸವರಿದ ಹಂಚಿನ ಮ್ಯಾಲ ಹೊಳ್ಳಾಡಿದಂಗ
ಹನಿ ಉರುಳಿ, ಹನಿಗೆ ಹನಿ ಕೂಡಿ,
ಹೊಂಟೇ ಬಿಟ್ಟವು.
ಬೂದಿ ಸರಿಸಿ ಕೆದರಿದೆ. ಎರಡು ಬೆರಳ ಕೆಳಗ
ಜೋಳದ ಹಿಟ್ಟಿನಂಗ ಒಣ ಮಣ್ಣು.
ಸುರಿಯೋ ಮಳಿಯಾಗ ನಿಂತು
ಮುಷ್ಟಿ ತುಂಬ ಧೂಳು ಹಿಡಿದಿದ್ದೆ.

ತಡೀಲಿಕ್ಕೆ ಏನಿತ್ತು?
ತರಗೆಲಿ ಇಲ್ಲ, ಹುಲ್ಲಿಲ್ಲ,
ಬೇರು ಇದ್ದಲ್ಲಿ ಬೇರಿನ ಆಕಾರದ ತೂತು.

ಆಮ್ಯಾಲ ಹಳ್ಳ ಬಂತು.
ನೀರಿಗಿಂತ ಮೊದಲು ಸಪ್ಪಳ,
ಸಪ್ಪಳಕ್ಕಿಂತ ಮೊದಲು ಸುಟ್ಟ ವಾಸನಿ.
ಮುಂದ ಇದ್ದಿಲು, ಹಿಂದ ಕರೀ ರಾಡಿ,
ಲಾಲಸಾಬನ ಪಂಪು,
ತಾಂಡಾದ ದಾರಿಗೆ ಹಾಕಿದ್ದ ಎರಡು ಸಿಮೆಂಟ್ ಪೈಪು,
ಒಂದು ಮುಳ್ಳಹಂದಿ.
ನಮ್ಮಪ್ಪ ಕುಂತು ಬೀಡಿ ಸೇದ್ತಿದ್ದ ಬಂಡಿಗಲ್ಲು,
ಎಂಥೆಂಥ ಮಳಿಗೂ ಕದಲದ್ದು,
ಅವತ್ತು ನಡಕೋತ ಕೆಳಗಿಳೀತು.

ಮರುದಿನ ಪಟ್ಟಿ ಓದಿದೆ: ಆರಡಿ.
ಫೋನಿನಾಗ ಸಾಹೇಬರು ಖುಷಿ ಆದ್ರು,
"ಒಂದೇ ಮಳಿಗೆ ಆರಡಿ! ಶಾಬಾಶ್ ಪೋಮು!"
ನಾನೇ ನೀರು ಸುರಿದಂಗ.
ಆಮ್ಯಾಲ ಬಿದಿರು ಇಳಿಸಿ ನೋಡಿದೆ.
ಎರಡಡಿ ನೀರು,
ಉಳಿದ ನಾಕಡಿ ಗುಡ್ಡ.

ರಿಜಿಸ್ಟರಿನಾಗ ಮಳಿಗೆ ಕಾಲಂ ಅದ, ನೀರಿಗೆ ಅದ,
ಕೆಸರಿಗೆ ಇಲ್ಲ.
ಷರಾ ಅಂತ ಒಂದು ಖಾಲಿ ಜಾಗ ಅದ.

ಅಲ್ಲಿ ಏನು ಬರೀಲಿ?
ಇಪ್ಪಿ ಹೂವು ಆರಿಸಲಿಕ್ಕೆ
ಗಿಡದ ಬುಡದ ಎಲಿ ಸುಡೂದು ಹಳೇ ರೂಢಿ,
ಕರೀ ನೆಲದ ಮ್ಯಾಲ ಹೂವು ಚಲೋ ಕಾಣ್ತಾವ.
ಆ ನಾಕನೇ ದಿನ ನಮ್ಮ ಚಾಂದಿ ಬುಟ್ಟಿ ಹಿಡಿದಿದ್ದಳು.
ಗಾಳಿ ಇರಲಿಲ್ಲ, ಖರೇನೇ ಇರಲಿಲ್ಲ.
ಕಡ್ಡಿಪೆಟ್ಟಿಗಿ ನನ್ನ ಕಿಸೆದಾಗಿತ್ತು.

ಪೆನ್ನು ಹಿಡಿದು ಭಾಳ ಹೊತ್ತು ಕುಂತೆ.
ಷರಾ: ನೀರು ಕಪ್ಪು ಅದ.
ಕೆಳಗ ನನ್ನ ಸಹಿ.