ಮಂಗಳವಾರದ ಖಣಿ

ಮಂಗಳವಾರ ಕತ್ತರಿಗೆ ರಜಾ.
ಅಂಗಡಿ ಶಟರ್ ಮುಚ್ಚೇ ಇರತದ,
ಒಳಗ ಕನ್ನಡಿಗೋಳು ಎದುರಾಬದುರಾ
ಒಂದನ್ನೊಂದು ನೋಡಿಕೋತ ಕುಂತಿರತಾವ.
ನಾ ಸೈಕಲ್ಲಿಗೆ ಬಿದಿರು ಕಟ್ಟಿ
ಶಹಾಬಾದ ಸ್ಟೇಷನ್ ದಾಟಿ
ಫರಸಿ ಕೊಯ್ಯೋ ಮಷೀನಿನ ಬಿಳೀ ಕೆಸರು ದಾಟಿ
ಜಾಲಿ ಕಂಟಿ ಸಂದಿನ್ಯಾಗ
ಹಾದಿ ಮುಗಿಯೋತನಕ ಹೋಗತೀನಿ.

ಅಲ್ಲಿ ಹಳೇ ಖಣಿ.
ಕಲ್ಲು ತಗದು ತಗದು ಬಿಟ್ಟ ತೆಗ್ಗು,
ಮಳಿ ತುಂಬಿ ತುಂಬಿ ಈಗ ಕೆರಿ ಅನ್ನಿಸಿಕೊಂಡದ.
ಸುತ್ತಲೂ ಫರಸಿ, ಹಾಳಿ ಮ್ಯಾಲ ಹಾಳಿ,
ಅರ್ಧಕ್ಕ ಬಿಟ್ಟ ಲೆಕ್ಕದ ವಹಿಯಂಗ.

ಲಾಡ್ಲೇಸಾಬ ನನಗಿಂತ ಮೊದಲೇ ಬಂದು
ದಿನಾ ಕೂಡೋ ಕಲ್ಲಿನ ಮ್ಯಾಲ ಕುಂತಿರತಾನ.
'ಬಾ' ಅನ್ನಂಗಿಲ್ಲ. ಥರ್ಮಾಸ್ ಸರಸತಾನ ಅಷ್ಟೇ.

ಆರು ದಿನ
ಮಂದಿ ಗದ್ದ ಎತ್ತಿ ಹಿಡದು ಮಾತು ಕೇಳಿದವ ನಾ.
ಯಾರ ಹೊಲದ ಒಡ್ಡು, ಯಾರ ಮಗಳ ನಿಶ್ಚಯ,
ಯಾವ ಪಾರ್ಟಿ, ಯಾರ ಶುಗರ್ ಎಷ್ಟು.
ಹೌದ್ರಿ, ಹೌದ್ರಿ, ಸ್ವಲ್ಪ ಈ ಕಡೆ ಹೊಳ್ಳರಿ.
ಇಲ್ಲಿ ನೀರಿಗೆ ಗಡ್ಡ ಬೆಳಿಯಂಗಿಲ್ಲ.
ಗಾಳಿ ಬಂದು ಒಮ್ಮೆ ಸವರಿ ಹೋದ್ರ
ಮತ್ತ ತನ್ನಷ್ಟಕ್ಕ ತಾನೇ ನುಣ್ಣಗಾಗತದ.

ನನ್ನ ಬೆಂಡು ಜ್ವಾಳದ ದಂಟಿಂದು.
ದೂರಕ್ಕ ಕಾಣಲಿ ಅಂತ
ಮಗಳ ಉಗುರಬಣ್ಣ ಕದ್ದು ತುದಿಗೆ ಹಚ್ಚೀನಿ.
ಗಾಳಕ್ಕ ರಾತ್ರಿ ಉಳದ ರೊಟ್ಟಿ,
ನೀರು ಚಿಮುಕಿಸಿ ನಾದಿದ್ದು.
ಎರಿಹುಳ ನನ್ನ ಕೈಲೆ ಆಗಂಗಿಲ್ಲ.
ಅಂಗಿ ಒಳಗ ಗುಂಡಗಡಗಿ ಅದ,
ನಮ್ಮನಿಯಾಗ ಮೀನಿನ ಹೆಸರೂ ಇಲ್ಲ.
ಮತ್ತ್ಯಾಕ ಬರತಿ ಅಂತ
ಲಾಡ್ಲೇಸಾಬ ಮೊದಲನೇ ವರ್ಷ ಒಂದ್ಸಲ ಕೇಳಿದ್ದ.
ಉತ್ತರ ಹೊಳೀಲಿಲ್ಲ. ಅಷ್ಟರಾಗ ಬೆಂಡು ಅಲ್ಲಾಡಿತು,
ಇಬ್ಬರೂ ಆ ಕಡೆ ಹೊಳ್ಳಿದಿವಿ.

ಸಣ್ಣ ಜಿಲೇಬಿ ಬಿದ್ರ ತಿರುಗಿ ನೀರಿಗೆ,
ಕೊರವ ಬಿದ್ರ ಅವನ ಚೀಲಕ್ಕ.
ಮನಿಗೆ ಹೋದ್ರ ನೀಲಮ್ಮ ಏನೂ ಕೇಳಂಗಿಲ್ಲ,
ಬಚ್ಚಲ ಗ್ವಾಡಿ ಮ್ಯಾಲ
ಅರ್ಧ ಲಿಂಬಿಹಣ್ಣು ಹೆಚ್ಚಿ ಇಟ್ಟಿರತಾಳ.

ವಾಡಿ ಕಡೆ ಗೂಡ್ಸ್ ಗಾಡಿ ಹೋದ್ರ
ನೀರಿನ ಮ್ಯಾಲ ಸಣ್ಣ ನಡುಕ.
ಡಬ್ಬಿ ಎಣಸತೀವಿ. ಐವತ್ತೆಂಟು, ನಾ ಅಂತೀನಿ.
ಐವತ್ತೊಂಬತ್ತು, ಅವ.
ಇಷ್ಟು ವರ್ಷಕ್ಕ ನಮ್ಮದು ಇದೊಂದೇ ಜಗಳ.

ಹ್ವಾದ ಮಂಗಳವಾರ
ಗಾಳ ಕೆಳಗ ಏನಕ್ಕೋ ಸಿಕ್ಕಿಬಿತ್ತು.
ಎಳದೆ. ಬಿದಿರು ಬಾಗಿತು. ಮೀನಲ್ಲ,
ಮೀನಾದ್ರ ಒಂದೀಟಾದರೂ ಒದ್ದಾಡತದ.
ಲಾಡ್ಲೇಸಾಬ ಚಹಾ ಊದಿಕೋತ ಅಂದ:
'ಎಳೀಬ್ಯಾಡ. ಅಲ್ಲೇ, ಎರಡಾಳುದ್ದ ಕೆಳಗ,
ನಾವು ಬುತ್ತಿ ಬಿಚ್ಚತಿದ್ದ ಕಟ್ಟಿ ಅದ.
ಪಂಪು ನಿಂತ ರಾತ್ರಿ ನೀರು ಏರಿತು.
ಮುಂಜಾನಿ ಬಂದು ನೋಡಿದ್ರ
ಹನ್ನೊಂದು ವರ್ಷದ ಕೆಲಸ ಮುಳುಗಿತ್ತು.
ನನ್ನ ಸಬ್ಬಲ ಅಲ್ಲೇ ಆನಿಸಿ ಇಟ್ಟಿದ್ದೆ.'

ನಾ ಅವನ ಕೈ ನೋಡಿದೆ.
ಇಷ್ಟು ದಿನ ಬರೇ ಗಾಳ ಹಿಡದ ಕೈ ಅಂದ್ಕೊಂಡಿದ್ದೆ.
ಅವ ಕೂಡೋ ಜಾಗಾ ಯಾಕ ಎಂದೂ ಬದಲಾಗಂಗಿಲ್ಲ
ಅಂತ ನಾ ಕೇಳಿರಲಿಲ್ಲ.
ಕೊರವ ಅಲ್ಲೇ ಹೆಚ್ಚು ಅಂತ ತಿಳಕೊಂಡಿದ್ದೆ.

'ತಗೀಬೇಕಾ?' ಅಂದೆ. 'ನಾ ಈಜತೀನಿ.'
'ಇರಲಿ ಬಿಡು,' ಅಂದ,
'ಈಗ ಅದಕ್ಕ ಎಲ್ಲಿ ಕೆಲಸ?
ಮೀನು ಆಡಲಿ ಸುತ್ತಮುತ್ತ.'

ದಾರ ಕಡೀಬೇಕಾತು.
ಕಿಸೆ ತಡವಿದೆ, ಕತ್ತರಿ ಇಲ್ಲ.
ಇಪ್ಪತ್ತಾರು ವರ್ಷದ ಕಸಬಿನವ
ಹಲ್ಲಿಲೆ ಕಚ್ಚಿ ಕಡದೆ.
ಅವ ನಕ್ಕ, ಚಹಾ ನೆತ್ತಿಗೇರಿತು.

ಬೆಂಡು ಬಿಡುವಾಗಿ ತೇಲಿಕೋತ ಹೋಯ್ತು
ಆಚಿ ಫರಸಿ ಕಡೆ, ಉಗುರಷ್ಟು ಕೆಂಪು.
ಬ್ಯಾರೆ ಬೆಂಡು ಚೀಲದಾಗಿತ್ತು.
ಇಬ್ಬರೂ ತಗೀಲಿಲ್ಲ.
ಮುಂದಿನ ಗೂಡ್ಸಿಗೆ
ಡಬ್ಬಿ ಎಣಿಸೋದು ಮರತಿವಿ.