ಮೈಲುತುತ್ತ

ಮೈದಾ ಒಂದು ಪಾವು, ನೀರು ಮೂರು ಪಾವು,
ಗಂಟಾಗದಂತೆ ತಿರುವುತ್ತಲೇ ಇರಬೇಕು,
ಇಳಿಸುವ ಮುಂಚೆ ಮೈಲುತುತ್ತ, ಉಗುರಿನಷ್ಟು.
ನೀಲಿ ವಿಷ ಅದು ಸ್ವಾಮಿ, ಹುಳ ಮುಟ್ಟುವುದಿಲ್ಲ.
ಗುತ್ತಲು ರಸ್ತೆಯ ಗೊಬ್ಬರದಂಗಡಿಯಲ್ಲಿ ಸಿಗುತ್ತದೆ,
ಪೊಟ್ಟಣ ಕಟ್ಟಿ ಕೊಡುತ್ತಾರೆ.
ನೀವು ಕೇಳಿದಿರಿ, ಹೇಳಿದೆ.

ಹೆಸರು ಮಂಟಯ್ಯ. ತಂದೆ ಬೋರಯ್ಯ. ಊರು ಬೂದನೂರು.
ಓದು ನಾಲ್ಕನೇ ಕ್ಲಾಸು, ಅದೂ ಅರ್ಧ.
ಮಂಡ್ಯದ ಶಾಖಾ ಗ್ರಂಥಾಲಯದಲ್ಲಿ ಬೈಂಡಿಂಗು ಮೂವತ್ತೊಂದು ವರ್ಷ,
ದಿನಗೂಲಿ. ಅದನ್ನೂ ಬರೆದುಕೊಳ್ಳಿ.

ನನಗೆ ಪುಸ್ತಕ ಅಂದರೆ ಬೆನ್ನು.
ಬೆನ್ನು ಮುರಿದದ್ದು, ಬೆನ್ನು ಬಿಟ್ಟದ್ದು,
ಯಾರದೋ ಮಗ್ಗುಲಲ್ಲಿ ಮಲಗಿ ಬೆವರು ಹೀರಿದ್ದು.
ಯಾವುದನ್ನು ಜನ ಪ್ರೀತಿಸಿದರು ಅಂತ
ಒಳಗೆ ನೋಡದೆ ಹೇಳಬಲ್ಲೆ:
ಹೊಲಿಗೆ ಸಡಿಲಾಗಿರುತ್ತದೆ,
ಒಂದೇ ಜಾಗದಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ.

ಆದೇಶ ಬಂದದ್ದು ಫ್ಯಾಕ್ಟರಿ ಕಬ್ಬು ಅರೆಯುವ ಕಾಲದಲ್ಲಿ,
ಕಾಕಂಬಿ ವಾಸನೆ ಕಿಟಕಿಯಲ್ಲೇ ಕೂತಿತ್ತು.
ಪುಷ್ಪಲತಾ ಮೇಡಂ ಎರಡು ಸಲ ಓದಿ ಕನ್ನಡಕ ತೆಗೆದಿಟ್ಟರು.
ಮೂರು ಪ್ರತಿ. ನೂರ ಹನ್ನೆರಡರಿಂದ ನೂರ ಹದಿನೈದು.
'ಹರಿಯೋದು ಬೇಡ ಮಂಟಯ್ಯ, ಬಿಳೀ ಹಾಳೆ ಅಂಟಿಸಿಬಿಡಿ.
ಹರಿದ್ರೆ ಆಡಿಟ್ಟಿನವ್ರು ಕೇಳ್ತಾರೆ.'
ಯಾಕೆ ಅಂತ ನಾನು ಕೇಳಲಿಲ್ಲ.
ಅವರಿಗೂ ಗೊತ್ತಿರಲಿಲ್ಲ ಅನಿಸುತ್ತದೆ.
ಮೂರು ಪ್ರತಿಯದೂ ಹೊಲಿಗೆ ಬಿಗಿಯಾಗೇ ಇತ್ತು ಸ್ವಾಮಿ,
ಓದಿದವರೇ ಇರಲಿಲ್ಲ.

ಅಂಟು ಹಚ್ಚುವ ಮುಂಚೆ ಹಾಳೆಯನ್ನು ಅಂಗೈಯಲ್ಲಿ ಸವರಬೇಕು,
ಧೂಳಿರಬಾರದು.
ಸವರಿದೆ.
ಬೇಲಿ ಮುಳ್ಳಿಗೆ ಪಂಚೆ ಸಿಕ್ಕಿದ ಹಾಗೆ
ಒಂದು ಮಾತಿಗೆ ಬೆರಳು ಸಿಕ್ಕಿಕೊಂಡಿತು.
ಕೂಡಿಸಿ ಕೂಡಿಸಿ ಓದಿದೆ,
ಒತ್ತಕ್ಷರ ಬಂದಲ್ಲಿ ನಿಂತು, ಉಸಿರು ತಗೊಂಡು.
ನಾಲ್ಕು ಪುಟಕ್ಕೆ ಮಧ್ಯಾಹ್ನ ಪೂರ್ತಿ ಹೋಯಿತು.
ಬಟ್ಟಲಲ್ಲಿ ಅಂಟು ಕೆನೆಗಟ್ಟಿತು.
ಸೈರನ್ ಕೂಗಿತಂತೆ, ನನಗೆ ಕೇಳಿಸಲಿಲ್ಲ.

ಏನಿತ್ತು ಅಂತೀರಾ?
ನಮ್ಮಕ್ಕ ದೊಡ್ಡತಾಯಿ, ಕೊಟ್ಟ ಮನೆಯಿಂದ ತಿರುಗಿ ಬಂದವಳು,
ಹಿತ್ತಲಲ್ಲಿ ಪಾತ್ರೆ ಉಜ್ಜುತ್ತ
ಬೂದಿಗೆ ಹೇಳಿಕೊಳ್ಳುತ್ತಿದ್ದಳಲ್ಲ, ಅದೇ.
ಗೊಣಗುತ್ತಾಳೆ ಅಂತ ನಾವು ರೇಡಿಯೋ ಜೋರು ಮಾಡುತ್ತಿದ್ದೆವು.
ಅದು ಅಚ್ಚಾಗಿತ್ತು ಸ್ವಾಮಿ. ಪೂರ್ಣವಿರಾಮ ಸಮೇತ.
ಅವಳು ಸತ್ತು ಹತ್ತೊಂಬತ್ತು ವರ್ಷ.

ಆಮೇಲೆ ಅಂಟಿಸಿದೆ. ಕೆಲಸ ಕೆಲಸವೇ.
ಹೊಸದಾಗಿ ಕಾಸಿದೆ, ಮೈದಾ ಒಂದು ಪಾವು, ನೀರು ಮೂರು.
ಒಂದು ಸುಕ್ಕಿಲ್ಲ, ಗುಳ್ಳೆಯಿಲ್ಲ, ಮೇಡಂ ಮೆಚ್ಚಿದರು.
ಮೈಲುತುತ್ತ ಹಾಕುವುದು ಮರೆತೆ.
ಮೂವತ್ತೊಂದು ವರ್ಷದಲ್ಲಿ ಮರೆತದ್ದು ಅದೊಂದೇ ಸಲ.
ಚೂರು ಬೆಲ್ಲವೂ ಬಿದ್ದಿತ್ತೇ ಅಂದರೆ,
ಮಂಡ್ಯದಲ್ಲಿ ಬೆಲ್ಲ ಎಲ್ಲಿ ಬೀಳುವುದಿಲ್ಲ ಹೇಳಿ.

ಎರಡು ಮಳೆಗಾಲ ಕಳೆದವು.
ಇರುವೆ, ಜಿರಲೆ, ಬೆಳ್ಳಿಬಣ್ಣದ ಆ ಪುಸ್ತಕದ ಹುಳ,
ಯಾವುದಕ್ಕೂ ಆದೇಶ ಓದಲು ಬರುವುದಿಲ್ಲ.
ಬಿಳಿ ಹಾಳೆಗೆ ಮೊದಲು ಒಂದು ತೂತು,
ತೂತಿನಲ್ಲಿ 'ನಾನು' ಅನ್ನುವಷ್ಟೇ ಕಂಡಿತು.
ಕೆಲವು ಕಡೆ ಅಕ್ಷರವನ್ನೂ ತಿಂದಿವೆ, ಸುಳ್ಳು ಹೇಳಲಾರೆ.
ಮಿಕ್ಕದ್ದನ್ನು ಮಹಿಳಾ ಕಾಲೇಜಿನ ಹುಡುಗಿಯರು
ಉಗುರಿನಲ್ಲಿ ಬಿಡಿಸಿರಬೇಕು. ನಾನು ನೋಡಿಲ್ಲ.

ನೀವು ತಂದಿರುವ ಪ್ರತಿಯ ಹಿಂದೆ ತಾರೀಕಿನ ಚೀಟಿ ನೋಡಿ.
ಮುಂಚೆ ಎರಡೇ ಠಸ್ಸೆ.
ಈಗ ಚೀಟಿ ಸಾಲದೆ ಇನ್ನೊಂದು ಅಂಟಿಸಿದ್ದೇನೆ,
ಅದಕ್ಕೆ ಮೈಲುತುತ್ತ ಹಾಕಿದ್ದೇನೆ.
ಪುಸ್ತಕವನ್ನು ಮೇಜಿನ ಮೇಲೆ ಇಡಿ ಸ್ವಾಮಿ, ಕೈ ಬಿಡಿ.
ಎಲ್ಲಿ ತೆರೆದುಕೊಳ್ಳುತ್ತದೆ ಅಂತ ನಾನು ಹೇಳಬೇಕಿಲ್ಲ.

ಹೆಬ್ಬೆಟ್ಟಿನ ಮಸಿ ಬೇಡ. ಪೆನ್ನು ಕೊಡಿ.
ನೀವು ಬರೆದದ್ದನ್ನು ಓದಿ ಸಹಿ ಹಾಕುತ್ತೇನೆ.
ಕೂಡಿಸಿ ಓದುವವನು, ಹೊತ್ತಾಗುತ್ತದೆ.
ಕೂತಿರಿ.